ಮೂರನೆಯ ಚೌಕ

ವಿಚಾರಣೆಯ ಮೇಜಿನಾಚೆ ನಿಂತಿದ್ದ ಭಾವ ಒಂದು ಸಲವೂ ಅವಳ ಕಡೆ ತಿರುಗಲಿಲ್ಲ. ಬಸ್ ಡಿಪೋದ ದಾಖಲೆ ಗುಮಾಸ್ತೆಯಾದ ಅವಳು ಲ್ಯಾಪ್‌ಟಾಪಿನ ತಂತಿಯನ್ನು ಪ್ರೊಜೆಕ್ಟರಿಗೆ ಸಿಕ್ಕಿಸಿ ಕೂತಳು. ಭಾವ, ಅಂದರೆ ಅಕ್ಕನ ಗಂಡ, ಅದೇ ಡಿಪೋದಲ್ಲಿ ಚಾಲಕ. ಮೂರು ವಾರದ ಹಿಂದೆ ಅವನ ಬಸ್ಸು ನಿಲ್ದಾಣದ ಕಂಬಕ್ಕೆ ನುಗ್ಗಿ ಮುದುಕರೊಬ್ಬರ ಕಾಲು ಮುರಿದಿತ್ತು. ಬ್ರೇಕ್ ಹಿಡಿಯಲಿಲ್ಲ ಎಂದು ಅವನು, ಮೈಮರೆತು ಓಡಿಸಿದ ಎಂದು ಮ್ಯಾನೇಜರು. ಯಾವುದು ನಿಜ ಎಂದು ತೀರ್ಮಾನಿಸಲು ಮುಖ್ಯ ಕಚೇರಿಯಿಂದ ಬಂದಿದ್ದ ಅಧಿಕಾರಿಣಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಬೆಳಿಗ್ಗೆ ಅಕ್ಕ ಅವಳ ಮನೆಗೆ ಬಂದಿದ್ದಳು. ಒಳಗೆ ಬಾ ಎಂದರೂ ಬಾರದೆ ಗೇಟಿನ ಹೊರಗೇ ನಿಂತಳು.

"ಆ ಹಾಳೆ ಮಾಡಿಕೊಟ್ಟವಳು ನೀನೇ ಅಂತೆ. ಅವ್ರ ಕುತ್ತಿಗೆಗೆ ಹಗ್ಗ ಹೊಸೆದು ಕೊಟ್ಟು, ಇಲ್ಲಿ ಗಿಡಕ್ಕೆ ನೀರು ಹಾಕ್ತಾ ನಿಂತಿದೀಯಲ್ಲ" ಎಂದಳು. ಉತ್ತರಕ್ಕೂ ಕಾಯಲಿಲ್ಲ.

ಮಾಡಿಕೊಟ್ಟದ್ದು ನಿಜವೇ. ಕಂಪ್ಯೂಟರಿನಲ್ಲಿದ್ದ ಒಂಬತ್ತು ಸಾವಿರ ಸಾಲಿನ ದೂರುಪಟ್ಟಿಯಲ್ಲಿ ಹುಡುಕಿ ಹುಡುಕಿ ರೋಸಿಹೋದ ಮ್ಯಾನೇಜರು, ತಮಗೆ ಬೇಕಾದ್ದಷ್ಟೇ ಕಾಣುವ ಹಾಗೆ ಏನಾದರೂ ಮಾಡು ಎಂದಿದ್ದರು. ಅವಳು ಪಟ್ಟಿಯನ್ನು ಮುಟ್ಟದೆ ಬೇರೆಯೇ ಒಂದು ಪುಟದಲ್ಲಿ ಮೂರು ಹಳದಿ ಚೌಕ ಇಟ್ಟಳು: ಚಾಲಕನ ನಂಬರು, ತಾರೀಖು, ದೂರಿನ ಬಗೆ. ಅಲ್ಲಿ ಆರಿಸಿದ್ದಕ್ಕೆ ತಕ್ಕಂತೆ ಸಾಲುಗಳು ವರದಿಗೆ ಬಂದು ಕೂರುತ್ತಿದ್ದವು; ಉಳಿದವು ಇದ್ದಲ್ಲೇ ಇದ್ದೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ವಿಚಾರಣೆಯಲ್ಲಿ ಮೂರನೆಯ ಚೌಕದಲ್ಲಿ ಮ್ಯಾನೇಜರು ತಾವೇ ಆರಿಸಿಟ್ಟ 'ಪ್ರಯಾಣಿಕರ ದೂರು' ಇತ್ತು. ಗೋಡೆಯ ಮೇಲೆ ಭಾವನ ವಿರುದ್ಧದ ಹದಿನಾಲ್ಕು ಸಾಲು ಮೂಡಿದವು. ನಿಲ್ಲಿಸಲಿಲ್ಲ, ಬೈದ, ಹತ್ತುವ ಮೊದಲೇ ಬಿಟ್ಟ. ಅವೂ ಸುಳ್ಳಲ್ಲ.

ಆದರೆ ಅದೇ ಪಟ್ಟಿಯಲ್ಲಿ ಚಾಲಕರೇ ಬರೆದುಕೊಡುವ ದೂರುಗಳೂ ಇದ್ದವು. ಬ್ರೇಕ್ ಸರಿಯಿಲ್ಲ ಎಂದು ಭಾವ ಏಳು ಸಲ ಚೀಟಿ ತಂದಿದ್ದ. ಅವಳ ಮುಖ ನೋಡದೆ ಕಿಟಕಿಯಲ್ಲಿ ತೂರಿಸಿ ಹೋಗುತ್ತಿದ್ದ. ಏಳನ್ನೂ ಟೈಪ್ ಮಾಡಿದವಳು ಅವಳೇ.

ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಆ ಏಳು ಯಾರಿಗೂ ಕಾಣುತ್ತಿರಲಿಲ್ಲ. ಆರು ವರ್ಷದ ಹಿಂದೆ ಅವಳ ಮದುವೆಯ ಮಾತಿಗೆ ಬಂದವರಿಗೆ, ಹುಡುಗಿಯ ನಾಲಿಗೆ ಮೊಳದುದ್ದ ಎಂದು ಇದೇ ಭಾವ ನಗುನಗುತ್ತಾ ಹೇಳಿದ್ದ. ಅವರು ಮತ್ತೆ ಬರಲಿಲ್ಲ. ತಾನು ಒಂದು ಮಾತೂ ಆಡದೆ ಅವನ ಕೆಲಸ ಹೋಗುತ್ತದೆ ಎಂಬುದು ಅವಳಿಗೆ ಒಳಗೊಳಗೇ ಹಿತವಾಗಿತ್ತು.

ಚಾಲಕ ಬ್ರೇಕಿನ ಬಗ್ಗೆ ಮೊದಲೇ ತಿಳಿಸಿದ್ದನೇ ಎಂದು ಅಧಿಕಾರಿಣಿ ಕೇಳಿದರು.

"ಕೇಳಿ ಇವಳನ್ನೇ" ಎಂದ ಭಾವ, ಗೋಡೆಯನ್ನೇ ನೋಡುತ್ತಾ. "ಬಾಯಿ ಬಿಡಲ್ಲ ಬಿಡಿ. ನನ್ನ ಮೇಲೆ ಹಲ್ಲು ಮಸೀತಾ ಕೂತವಳು."

ಮ್ಯಾನೇಜರು ಅವಳ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು. "ನಮ್ಮ ಹುಡುಗಿ ಒಂದು ಚೀಟಿನೂ ಬಿಡೋಳಲ್ಲ, ಮೇಡಂ. ಇವಳ ಹತ್ರ ಇಲ್ಲ ಅಂದ್ರೆ ಅದು ಇಲ್ಲವೇ ಇಲ್ಲ ಅಂತ ಲೆಕ್ಕ."

ಅವಳು ಹನ್ನೊಂದು ವರ್ಷ ಒಂದು ಅಕ್ಷರ ತಪ್ಪದಂತೆ ಮಾಡಿದ ಕೆಲಸವನ್ನು ಈ ಮನುಷ್ಯ ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲಿಸಿದ್ದ. ಅವಳು ಮೌಸ್ ಸರಿಸಿ ಹಳದಿ ಚೌಕಗಳಿದ್ದ ಪುಟ ತೆರೆದಳು.

"ಅದನ್ನ ಮುಟ್ಟಬೇಡ" ಎಂದರು ಮ್ಯಾನೇಜರು, ತಗ್ಗಿದ ದನಿಯಲ್ಲಿ.

"ನನ್ನ ಹತ್ರ ಇದೆ, ಮೇಡಂ" ಎಂದು ಅವಳು ಮೂರನೆಯ ಚೌಕದಲ್ಲಿ 'ಎಲ್ಲವೂ' ಆರಿಸಿದಳು. ಗೋಡೆಯ ಮೇಲೆ ಹದಿನಾಲ್ಕು ಇಪ್ಪತ್ತೊಂದಾಯಿತು. ಅಧಿಕಾರಿಣಿ ಎದ್ದು ಹತ್ತಿರ ಹೋಗಿ, ಒಂದೊಂದೇ ತಾರೀಖನ್ನು ಬೆರಳಿಟ್ಟು ಓದಿದರು. ಕುರ್ಚಿಯ ಮೇಲಿದ್ದ ಕೈ ಸರಿಯಿತು.

ಭಾವನ ಕೆಲಸ ಉಳಿಯಿತು. ಮ್ಯಾನೇಜರಿಗೆ ನೋಟೀಸು ಬಂತು. ಅದು ಬರುವ ಮೊದಲೇ ಅವರು ಅವಳನ್ನು ಹಳೇ ಟಯರಿನ ಗೋದಾಮಿಗೆ ತಳ್ಳಿದ್ದರು. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಅಕ್ಕನಿಂದ ಫೋನೂ ಬರಲಿಲ್ಲ. ಇಡೀ ಡಿಪೋದೆದುರು ಅವಳ ಋಣಕ್ಕೆ ಬಿದ್ದಂತಾಯಿತೆಂದು ಭಾವ ಕುದಿಯುತ್ತಿದ್ದಾನೆ ಎಂದು ಯಾರೋ ಹೇಳಿದರು.

ತಿಂಗಳ ಕೊನೆಯಲ್ಲಿ ಒಂದು ಸಂಜೆ ನಿಲ್ದಾಣಕ್ಕೆ ಬಂದದ್ದು ಅವನದೇ ಬಸ್ಸು. ಮುಂಬಾಗಿಲು ತೆರೆಯಲಿಲ್ಲ, ಅವಳು ಹಿಂದಿನಿಂದ ಹತ್ತಿ ಕಿಟಕಿಯ ಪಕ್ಕ ಕೂತಳು. ಚಾಲಕನ ತಲೆಯ ಮೇಲಿನ ಕನ್ನಡಿಯಲ್ಲಿ ಇಬ್ಬರ ಕಣ್ಣೂ ಒಂದು ಕ್ಷಣ ಕೂಡಿದವು. ಭಾವ ಕೈ ಎತ್ತಿ ಕನ್ನಡಿಯನ್ನು ಬೇರೆ ಕಡೆಗೆ ತಿರುಗಿಸಿದ. ಅದರಲ್ಲೀಗ ಖಾಲಿ ಸೀಟುಗಳು, ಅವುಗಳ ಮೇಲೆ ಬಿದ್ದ ಬಿಸಿಲು.