ಮೂರನೇ ಹಲಗೆ

ಸಂಜೆ ಆರಕ್ಕೆ ಐದು ನಿಮಿಷವಿರುವಾಗ ಲಿಫ್ಟ್ ಮಾಮನ ಬಾಗಿಲು ಬಡಿದಿರೋ, ಕೆಟ್ಟಿರಿ. ಮೊದಲ ಬಾರಿಗೆ ಪಿಟ್ಟೆನ್ನುವುದಿಲ್ಲ. ಇನ್ನೊಮ್ಮೆ ಬಡಿದರೆ ಒಳಗಿನಿಂದ "ಏಳು ಗಂಟೆ ಮೇಲೆ ಬನ್ರೀ!" ಎಂಬ ಗದರಿಕೆ ಬರುತ್ತದೆ. ಕಟ್ಟಡಕ್ಕೆ ಬೆಂಕಿ ಬಿದ್ದರೂ ಆ ಮನುಷ್ಯ ಏಳರ ಮೇಲೆಯೇ ಆಚೆ ಬರುವುದು ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಆ ಒಂದು ಗಂಟೆಯಲ್ಲಿ ಅವನು ಎಷ್ಟು ಜನರ ಜೀವ ಉಳಿಸುತ್ತಾನೆ ಎಂದು ಅವರಿಗೇನು ಗೊತ್ತು?

ವಯಸ್ಸು ಐವತ್ತಮೂರು, ಮದುವೆಯಿಲ್ಲ. ಕೆಲಸ ಲಿಫ್ಟ್ ತಪಾಸಣೆ. ಒಂದೊಂದು ಕಟ್ಟಡಕ್ಕೂ ಹೋಗಿ, ಲಿಫ್ಟಿನ ಹಗ್ಗ, ಬ್ರೇಕು, ಬಾಗಿಲು ನೋಡಿ, ಸರಿಯಿದ್ದರೆ ಸಹಿ ಹಾಕುವುದು, ಇಲ್ಲದಿದ್ದರೆ ವರದಿ ಬರೆದು ಬೀಗ ಜಡಿಯುವುದು. ಲಿಫ್ಟಿನ ನೆಲಕ್ಕೂ ಮಹಡಿಯ ನೆಲಕ್ಕೂ ಎರಡು ಬೆರಳಷ್ಟು ಏರುಪೇರಿದ್ದರೂ ಅವನು ಬಿಡುವವನಲ್ಲ. ತಾನು ವಾಸವಾಗಿರುವ ಕಟ್ಟಡದ ಲಿಫ್ಟಿಗೇ ಒಮ್ಮೆ ಬೀಗ ಹಾಕಿಸಿ, ನಾಲ್ಕನೇ ಮಹಡಿಯಲ್ಲಿರುವ ಸ್ವಂತ ಅಕ್ಕ, ಭಾವ ಹದಿನೈದು ದಿನ ಮೆಟ್ಟಿಲು ಹತ್ತಿ ಏದುಸಿರು ಬಿಡುವಂತೆ ಮಾಡಿದ ಪುಣ್ಯಾತ್ಮ. ಅಕ್ಕನ ಮಗಳು ಅಂದು ಸಿಟ್ಟಿನಲ್ಲಿ ಇಟ್ಟ ಹೆಸರು ಲಿಫ್ಟ್ ಮಾಮ. ಆಮೇಲೆ ಇಡೀ ಕಟ್ಟಡಕ್ಕೆ ಅವನು ಮಾಮನೇ ಆದ.

ಆರು ಗಂಟೆಯ ಕಥೆ ಅದಕ್ಕಿಂತ ಹಳೆಯದು. ಅಮ್ಮ ಹಾಸಿಗೆ ಹಿಡಿದು ಹನ್ನೊಂದು ವರ್ಷ ಮಲಗಿದ್ದಳು. ಹಗಲು ನೋಡಿಕೊಳ್ಳುವ ಆಯಾ ಆರಕ್ಕೆ ಸರಿಯಾಗಿ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ಅಷ್ಟರೊಳಗೆ ಇವನು ಎದ್ದೆನೋ ಬಿದ್ದೆನೋ ಎಂದು ಮನೆ ಸೇರಬೇಕು, ಅಮ್ಮನ ಮಗ್ಗುಲು ಬದಲಿಸಬೇಕು. ಬಾಗಿಲ ಸದ್ದಾದೊಡನೆ ಅಮ್ಮ ಕಣ್ಣು ಮುಚ್ಚಿಕೊಂಡೇ "ಬಂದ್ಯಾ?" ಎನ್ನುತ್ತಿದ್ದಳು. ಕೊನೆಕೊನೆಗೆ ಅವಳ ಬಾಯಲ್ಲಿ ಉಳಿದದ್ದು ಅದೊಂದೇ ಮಾತು. ಅಮ್ಮ ಹೋಗಿ ಮೂರು ವರ್ಷವಾಯಿತು. ಆರು ಗಂಟೆ ಮಾತ್ರ ದಿನವೂ ತಪ್ಪದೆ ಬರುತ್ತದೆ. ಮೊದಮೊದಲು ಅವನು ಓಡೋಡಿ ಮನೆಗೆ ಬಂದು, ಬೀಗ ತೆಗೆದು, ಖಾಲಿ ಮಂಚದ ಎದುರು ಚಪ್ಪಲಿ ಕೂಡ ಬಿಡದೆ ನಿಂತುಬಿಡುತ್ತಿದ್ದ. ಏನು ಮಾಡಬೇಕೋ ತೋಚುತ್ತಿರಲಿಲ್ಲ.

ಅದನ್ನು ಕಂಡವಳು ಅಕ್ಕನ ಮಗಳೊಬ್ಬಳೇ. ಹಾಸ್ಟೆಲಿಗೆ ಹೊರಡುವ ಮುಂಚಿನ ದಿನ ತನ್ನ ಹಳೆಯ ಕಂಪ್ಯೂಟರನ್ನು ಹೊತ್ತು ತಂದು ಅವನ ಮೇಜಿನ ಮೇಲೆ ಕುಕ್ಕಿದಳು.

"ಮಾಮ, ಗೋಡೆ ನೋಡ್ಕೊಂಡು ಕೂರೋದು ಸಾಕು. ಈ ಆಟ ಆಡು. ಲೋಕದಲ್ಲಿರೋ ಜನ ಎಲ್ಲ ಇದರೊಳಗೇ ಇದಾರೆ."

"ನಂಗೂ ಆಟಕ್ಕೂ ಏನೇ ಸಂಬಂಧ?"

"ಆಡಿ ನೋಡು. ಹೆಸರೇನು ಕೊಡ್ಲಿ ಹೇಳು, ಬೇಗ."

ಅಟ್ಟದ ಹತ್ತಿರ ಒರಗಿಸಿಟ್ಟಿದ್ದ ಏಣಿ ಕಣ್ಣಿಗೆ ಬಿತ್ತು. ಆಟದೊಳಗೆ ಅವನ ಹೆಸರು 'ಏಣಿ' ಆಯಿತು.

ಆಟವೆಂದರೆ ಒಂದು ದೊಡ್ಡ ಲೋಕ. ಒಂದು ಹಳ್ಳಿ, ಅದರಾಚೆ ಒಂದು ಕಣಿವೆ, ಕಣಿವೆಯಾಚೆ ಬೆಟ್ಟ. ಎಲ್ಲೆಲ್ಲಿಂದಲೋ ಸಾವಿರಾರು ಜನ ಒಟ್ಟಿಗೆ ಸೇರಿ ಆಡುತ್ತಾರೆ. ಬೆಟ್ಟದಲ್ಲಿ ಅಗೆದು ತಂದ ಕಲ್ಲು, ಕಬ್ಬಿಣವನ್ನು ಹಳ್ಳಿಗೆ ಹೊತ್ತು ತಂದರೆ ಮನೆ ಕಟ್ಟಿಕೊಳ್ಳಬಹುದು. ಹೋಗಲಿಕ್ಕೂ ಬರಲಿಕ್ಕೂ ಕಣಿವೆಗೆ ಹಾಕಿದ ಹಲಗೆಯ ಸೇತುವೆಯೊಂದೇ ದಾರಿ. ಹಲಗೆಯಿಂದ ಹಲಗೆಗೆ ಹಾರಬೇಕು. ಬಿದ್ದರೆ ಚೀಲದಲ್ಲಿದ್ದದ್ದೂ ಹಳ್ಳಿಯಲ್ಲಿ ಕೂಡಿಟ್ಟದ್ದೂ ಎಲ್ಲ ಗೋವಿಂದ, ಮತ್ತೆ ಮೊದಲಿನಿಂದ ಶುರು. ಹೊಸಬರೆಲ್ಲ ಮೂರನೇ ಹಲಗೆಯಲ್ಲೇ ಮಣ್ಣು ಮುಕ್ಕುತ್ತಿದ್ದರು. ಹಳಬರು ದಡದಲ್ಲಿ ನಿಂತು ಹಲ್ಲು ಕಿಸಿಯುತ್ತಿದ್ದರು, ತಾವೂ ಒಂದು ಕಾಲಕ್ಕೆ ಅಲ್ಲೇ ಬಿದ್ದದ್ದು ಮರೆತು. ನಾಚಿಕೆಗೆಟ್ಟವರು.

ಮಾಮನೂ ಒಂಬತ್ತು ಸಲ ಬಿದ್ದ. ಹತ್ತನೆಯ ಸಲ ಹಾರಲಿಲ್ಲ. ಕನ್ನಡಕ ಒರೆಸಿಕೊಂಡು, ಪರದೆಗೆ ಮೂಗು ತಗಲುವಷ್ಟು ಬಗ್ಗಿ, ಆ ಹಲಗೆಯನ್ನು ಲಿಫ್ಟ್ ನೋಡುವ ಹಾಗೆ ನೋಡಿದ. ನೋಡಿ, ಗೋಡೆಗೆ ಕೇಳುವಂತೆ ಕೂಗಿದ: "ಅರೆರೆ! ಇದು ಲೆವೆಲ್ ತಪ್ಪಿದೆ ಕಣ್ರೀ!"

ನಿಜಕ್ಕೂ ತಪ್ಪಿತ್ತು. ಹಲಗೆ ಕಾಣುತ್ತಿದ್ದದ್ದು ಒಂದು ಕಡೆ, ಕಾಲಿಗೆ ಸಿಗುತ್ತಿದ್ದದ್ದು ಎರಡು ಹೆಜ್ಜೆ ಎಡಕ್ಕೆ, ಬರಿ ಗಾಳಿಯಲ್ಲಿ. ಆಟ ಮಾಡಿದವರ ಎಡವಟ್ಟು. ಕಂಡದ್ದನ್ನು ನಂಬಿ ಹಾರಿದವನು ಪಾತಾಳಕ್ಕೆ, ಏನೂ ಇಲ್ಲದ ಕಡೆ ಹಾರಿದವನು ಬಚಾವು.

ಅಂದಿನಿಂದ ಮಾಮನಿಗೆ ಆರು ಗಂಟೆಗೊಂದು ಕೆಲಸ ಸಿಕ್ಕಿತು. ಬೆಟ್ಟ, ಕಬ್ಬಿಣ, ಮನೆ ಯಾವುದರ ಗೊಡವೆಗೂ ಹೋಗದೆ ಸೀದಾ ಹೋಗಿ ಮೂರನೇ ಹಲಗೆಯ ಎಡಕ್ಕೆ, ಗಾಳಿಯಲ್ಲಿ ನಿಲ್ಲುತ್ತಿದ್ದ. ಹೊಸಬರು ಬೆದರಬಾರದೆಂದು, ಮೊದಲ ದಿನ ಎಲ್ಲರಿಗೂ ಕೊಡುವ ಬೂದು ಅಂಗಿಯನ್ನೇ ಹಾಕಿಕೊಂಡಿದ್ದ. ಯಾರಾದರೂ ದಡದಲ್ಲಿ ಹಿಂದೆಮುಂದೆ ನೋಡುತ್ತಾ ನಿಂತರೆ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದ: "ಹಲಗೆ ನೋಡ್ಬೇಡಿ. ನಾನು ನಿಂತಿರೋ ಕಡೆ ಹಾರಿ."

ಹಾರುತ್ತಿದ್ದರು. ದಾಟಿದವರು ಖುಷಿಯಿಂದ ಕುಣಿದು ಏನೋ ಹೇಳಲು ಬಂದರೆ ಮಾಮ ಅಷ್ಟರಲ್ಲಿ ತನ್ನ ಜಾಗಕ್ಕೆ ವಾಪಸ್. ಲಿಫ್ಟ್ ನೋಡಲು ಹೋದವನು ಲಿಫ್ಟ್ ನೋಡಬೇಕು, ಯಾರದೋ ಮನೆಯೊಳಗೆ ಹೋಗಿ ಕೂರಬಾರದು ಎನ್ನುವುದು ಇಪ್ಪತ್ತೇಳು ವರ್ಷದ ಅಭ್ಯಾಸ. ಥ್ಯಾಂಕ್ಸ್ ಹೇಳಿಸಿಕೊಳ್ಳುವುದೆಂದರೆ ಅವನಿಗೆ ಮೈ ಮುದುಡುತ್ತಿತ್ತು.

ಅಕ್ಕ ಒಮ್ಮೆ ಹೇಳದೆ ಕೇಳದೆ ಬಂದು ನೋಡಿ ಹಣೆ ಚಚ್ಚಿಕೊಂಡಳು. "ಏನೋ ಇದು, ಐವತ್ತು ದಾಟಿದ ಮೇಲೆ ಆಟ ಆಡ್ತಾ ಕೂತಿದೀಯ?"

"ಆಟ ಅಲ್ಲಕ್ಕ, ಡ್ಯೂಟಿ."

"ಒಳ್ಳೆ ಡ್ಯೂಟಿ! ನಿಂತಲ್ಲೇ ನಿಂತಿದೀಯಲ್ಲೋ!"

ದಿನವೂ ದಾಟುವವರಲ್ಲಿ ಒಬ್ಬರ ಹೆಸರು 'ತೂಕಡಿಕೆ'. ಹೆಂಗಸೋ ಗಂಡಸೋ, ಮುದುಕರೋ ಎಳೆಯರೋ ಮಾಮನಿಗೆ ಗೊತ್ತಿಲ್ಲ. ಆರು ಗಂಟೆಗೆ ಭಾರದ ಚೀಲ ಹೊತ್ತು ಬೆಟ್ಟದ ಕಡೆಯ ದಡಕ್ಕೆ ಬಂದು ನಿಲ್ಲುವುದು. ದಾರಿ ಗೊತ್ತಿದ್ದರೂ ಮಾಮನಿಲ್ಲದೆ ಹಾರಲು ಧೈರ್ಯವಿಲ್ಲ. ಅವನು ಬಂದದ್ದು ಕಂಡೊಡನೆ ಒಂದೇ ಮಾತು: "ಬಂದ್ರಾ?"

ಮೊದಲ ಸಲ ಅದನ್ನು ಓದಿದಾಗ ಮಾಮನ ಕೈ ಕೀಲಿಗಳ ಮೇಲೆ ಹಾಗೇ ನಿಂತುಬಿಟ್ಟಿತ್ತು. ಆಮೇಲಾಮೇಲೆ ಇಡೀ ದಿನ ಲಿಫ್ಟಿನಡಿಯ ಗುಂಡಿಗಳಲ್ಲಿ ಗ್ರೀಸು ಮೆತ್ತಿಕೊಳ್ಳುವಾಗಲೂ ಆ ಒಂದು ಮಾತಿಗೆ ಕಾಯುತ್ತಿದ್ದ. ಆದರೆ ಹೇಳಿದನೇ? ಊಹೂಂ. ದಾಟಿಸಿ ತಿರುಗಿ ಹೊರಟರೆ ತೂಕಡಿಕೆ ದಿನವೂ ಬರೆಯುತ್ತಿತ್ತು: "ಒಂದ್ ನಿಮಿಷ ಇರಿ." ಇವನು ಒಂದು ದಿನವೂ ನಿಲ್ಲುತ್ತಿರಲಿಲ್ಲ. ಮತ್ತೇನು, ಥ್ಯಾಂಕ್ಸ್ ಹೇಳುತ್ತಾರೆ, ಅಷ್ಟೇ ತಾನೆ ಎಂದುಕೊಂಡು ಓಡಿಬಿಡುತ್ತಿದ್ದ.

ಹೀಗೆ ಮೂರು ವಾರ ನಡೆಯಿತು. ಒಂದು ಗುರುವಾರ ಅಕ್ಕ ಹಿಡಿದ ಪಟ್ಟು ಬಿಡಲಿಲ್ಲ. ಬೀರು ಜರುಗಿಸಬೇಕು, ಭಾವನಿಗೆ ಸೊಂಟ ನೋವು, ಈಗಲೇ ಬಾ. ಐದು ನಿಮಿಷ ಎಂದದ್ದು ಬೀರು ಬಾಗಿಲಲ್ಲಿ ಸಿಕ್ಕಿಕೊಂಡು, ಭಾವ ಅದರ ಹಿಂದೆ ಸಿಕ್ಕಿಕೊಂಡು, ಮಾಮ ಕೆಳಗೆ ಬರುವಾಗ ಏಳೂಕಾಲು. ಆಟದೊಳಗೆ ಹೋದರೆ ಕಣಿವೆಯಲ್ಲಿ ಯಾರೂ ಇಲ್ಲ. ತೂಕಡಿಕೆ ಬರೆದಿಟ್ಟು ಹೋಗಿತ್ತು.

"ಬಂದ್ರಾ?"

"ಇನ್ನೂ ಬರ್ಲಿಲ್ವಾ?"

"ನಾನೇ ಹಾರಿದೆ. ಬಿದ್ದೆ. ಮೂರು ವಾರದ್ದೆಲ್ಲ ಹೋಯ್ತು. ಪರವಾಗಿಲ್ಲ ಬಿಡಿ."

ಮಾಮ ಮರುದಿನ ಐದೂವರೆಗೇ ಹೋಗಿ ನಿಂತ. ತೂಕಡಿಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ಹೆಸರು ಬಣ್ಣ ಕಳೆದುಕೊಂಡು, ಪರದೆಯ ಬದಿಯಲ್ಲಿದ್ದ ಆಟಗಾರರ ಪಟ್ಟಿಯ ತಳಕ್ಕೆ ಇಳಿಯಿತು.

ಸೋಮವಾರ ಒಂದು ಹಳೆಯ ಕಚೇರಿ ಕಟ್ಟಡದ ತಪಾಸಣೆ. ಎರಡನೇ ಮಹಡಿಯಲ್ಲಿ ಲಿಫ್ಟ್ ಬರುವ ಮೊದಲೇ ಬಾಗಿಲು ತೆರೆದುಕೊಳ್ಳುತ್ತಿತ್ತು. ಅಲ್ಲಿಯ ಕಾವಲುಗಾರ ಕೈ ಹೊಸೆಯುತ್ತಾ ನಿಂತ.

"ಬೀಗ ಹಾಕ್ಬೇಡಿ ಸಾರ್. ನಾನು ಇಲ್ಲೇ ನಿಂತಿರ್ತೀನಿ. ಬಂದೋರಿಗೆಲ್ಲ ಹೇಳ್ತೀನಿ, ಹುಷಾರು ಅಂತ. ಎರಡು ವರ್ಷದಿಂದ ಒಬ್ರೂ ಬಿದ್ದಿಲ್ಲ."

"ನೀನು ಊಟಕ್ಕೆ ಹೋದಾಗ?"

"ಬೇಗ ಬಂದ್ಬಿಡ್ತೀನಿ ಸಾರ್."

"ನಿಂಗೆ ಹುಷಾರಿಲ್ದೆ ಹೋದ್ರೆ? ಒಬ್ಬ ಮನುಷ್ಯ ನಿಂತಿದಾನೆ ಅಂತ ಮುರಿದ ಬಾಗಿಲನ್ನ ಹಾಗೇ ಬಿಡೋದೇನಯ್ಯ? ತಲೆ ನೆಟ್ಟಗಿದೆಯಾ?"

ಬೈದು ಮುಗಿಸಿದ. ಬೈದದ್ದು ತನಗೇ ಬಂದು ಬಡಿಯಿತು. ಆ ಕಾವಲುಗಾರನ ಮುಖ ಇಷ್ಟು ಸಣ್ಣದಾದದ್ದು ಬಾಗಿಲು ರಿಪೇರಿಯಾಗುತ್ತದೆಂದಲ್ಲ, ನಾಳೆಯಿಂದ ತನ್ನನ್ನು ಕೇಳುವವರಿಲ್ಲವೆಂದು. ಅದು ಮಾಮನಿಗೆ ಅರ್ಥವಾಗದಿದ್ದರೆ ಇನ್ನಾರಿಗೆ ಆಗಬೇಕು?

ಆಟದ ಒಂದು ಮೂಲೆಯಲ್ಲಿ 'ತೊಂದರೆ ಇದ್ದರೆ ತಿಳಿಸಿ' ಎಂದೊಂದು ಖಾನೆ ಇತ್ತು. ಮಾಮ ಅದನ್ನು ಮೊದಲ ವಾರವೇ ನೋಡಿದ್ದ. ನೋಡಿಯೂ ನೋಡದವನಂತಿದ್ದ. ಊರಿನ ಲಿಫ್ಟಿಗೆಲ್ಲ ವರದಿ ಬರೆದವನು ಇದೊಂದಕ್ಕೆ ಯಾಕೆ ಬರೆದಿರಲಿಲ್ಲ ಎಂದು ಕೇಳಿದರೆ ಉತ್ತರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಲಗೆ ಸರಿಯಾದರೆ ತನ್ನ ಆರು ಗಂಟೆ ಮತ್ತೆ ಖಾಲಿ. ಮೂರು ದಿನ ಆ ಖಾನೆಯನ್ನು ತೆರೆದ, ಮುಚ್ಚಿದ. ನಾಲ್ಕನೆಯ ದಿನ, ತನ್ನ ಕೈಯನ್ನು ತಾನೇ ಬೈಯುತ್ತಾ, ಒಂದೇ ಬೆರಳಿನಲ್ಲಿ ಮುಕ್ಕಾಲು ಗಂಟೆ ಕೂತು ಬರೆದ. ಯಾವ ಹಲಗೆ, ಎಷ್ಟು ಹೆಜ್ಜೆ ಎಡಕ್ಕೆ, ಬಿದ್ದವರಿಗೆ ಏನು ನಷ್ಟ, ಸರಿಪಡಿಸುವುದು ಹೇಗೆ. ಕೊನೆಗೆ ಅಭ್ಯಾಸಬಲದಿಂದ 'ಪರಿಶೀಲಿಸಿದೆ' ಎಂದೂ ಸೇರಿಸಿದ.

ವರದಿ ಕಳಿಸಿದ ಹತ್ತೊಂಬತ್ತನೆಯ ದಿನ ಹೋಗಿ ನೋಡಿದರೆ ಹಲಗೆಯ ಸೇತುವೆಯೇ ಇಲ್ಲ. ಅಗಲವಾದ ಕಲ್ಲಿನ ಸೇತುವೆ, ಎರಡೂ ಬದಿಗೆ ಎದೆಯೆತ್ತರದ ಕಟಕಟೆ. ಬೀಳಬೇಕೆಂದರೂ ಬೀಳಲಾಗದು. ಅಚ್ಚುಕಟ್ಟಾದ ಕೆಲಸ. ಸಹಿ ಹಾಕಬಹುದಾದ ಕೆಲಸ. ಬೂದು ಅಂಗಿಯ ಹೊಸಬರು ಅದರ ಮೇಲೆ ಮಾತಾಡದೆ, ನಿಲ್ಲದೆ, ದಡದಡ ಓಡಿಹೋಗುತ್ತಿದ್ದರು.

ಮಾಮ ಆದರೂ ಹೋಗುತ್ತಿದ್ದ. ಆರಕ್ಕೆ ಹೋಗಿ ಕಲ್ಲಿನ ಸೇತುವೆಯ ಈಚೆ ದಡದಲ್ಲಿ ನಿಲ್ಲುವುದು, ಏಳಕ್ಕೆ ಕಂಪ್ಯೂಟರ್ ಆರಿಸುವುದು. ಈಗ ಯಾರಾದರೂ ಬಾಗಿಲು ಬಡಿದರೆ ತೆರೆಯುತ್ತಿದ್ದ. ಬಡಿಯುವುದನ್ನು ಜನ ಬಿಟ್ಟಿದ್ದರು, ಅವರ ತಪ್ಪೇನು. ಅಕ್ಕ ಮೆಟ್ಟಿಲಲ್ಲಿ ಸಿಕ್ಕಿದಾಗ "ಯಾಕೋ ಇಳಿದುಹೋಗಿದೀಯ?" ಎಂದು ಕೇಳಿದಳು. "ಏನಿಲ್ಲಕ್ಕ" ಎಂದ. ಸೇತುವೆ ಸರಿಹೋಯಿತು ಎಂದು ಯಾರ ಹತ್ತಿರ ಅಳುವುದು? ಕೇಳಿದವರು ನಗುತ್ತಾರೆ.

ಹನ್ನೆರಡು ದಿನ ಹೀಗೇ ನಿಂತ ಮೇಲೆ, ಓಡಿಹೋಗುತ್ತಿದ್ದ ಹೊಸಬರಲ್ಲಿ ಒಬ್ಬರು ನಿಂತರು. ಹಿಂದಕ್ಕೆ ಬಂದರು. ಹೆಸರು 'ಒಂಟಿ ಕಾಲ್ಚೀಲ'.

"ಏನಾಯ್ತು? ದಾಟಕ್ಕೆ ಗೊತ್ತಾಗ್ತಿಲ್ವಾ?"

ಮಾಮ ಸುತ್ತ ನೋಡಿದ. ಬೇರೆ ಯಾರೂ ಇರಲಿಲ್ಲ. ಬೂದು ಅಂಗಿ, ಖಾಲಿ ಚೀಲ, ನಿಂತಲ್ಲೇ ನಿಂತ ಮನುಷ್ಯ. ಕಷ್ಟದಲ್ಲಿರುವವನು ತಾನೇ! ಎರಡು ವರ್ಷ ಈ ಕಣಿವೆಯನ್ನು ಅಂಗೈ ಗೆರೆಯಷ್ಟು ಬಲ್ಲವನಿಗೆ ದಾರಿ ತೋರಿಸಲು ನಿನ್ನೆ ಬಂದವರೊಬ್ಬರು ಕಾಯುತ್ತಿದ್ದರು. ಬೇರೆ ದಿನವಾಗಿದ್ದರೆ ನಗುತ್ತಿದ್ದ.

"ಹೌದು," ಎಂದು ಬರೆದ. "ಗೊತ್ತಾಗ್ತಿಲ್ಲ."

"ಹೆದರ್ಬೇಡಿ. ನನ್ ಹಿಂದೇನೇ ಬನ್ನಿ. ಬೀಳಲ್ಲ."

ಒಂಟಿ ಕಾಲ್ಚೀಲ ಮುಂದೆ, ಮಾಮ ಹಿಂದೆ. ನಾಲ್ಕು ಹೆಜ್ಜೆಗೊಮ್ಮೆ ಅದು ನಿಂತು, ತಿರುಗಿ, ಬರುತ್ತಿದ್ದಾನೋ ಇಲ್ಲವೋ ನೋಡುತ್ತಿತ್ತು. ಎಮ್ಮೆಯೂ ನಿದ್ದೆಗಣ್ಣಲ್ಲಿ ದಾಟಬಹುದಾದ ಆ ಸೇತುವೆಯ ಮೇಲೆ ಮಾಮ ಬೇಕೆಂದೇ ನಿಧಾನಕ್ಕೆ ನಡೆದ. ಮೂರನೇ ಹಲಗೆ ಇದ್ದ ಜಾಗ ಬಂತು, ಹೋಯಿತು. ಆಚೆ ದಡ ಬಂದೇಬಿಟ್ಟಿತು.

"ನೋಡಿದ್ರಾ, ಅಷ್ಟೇ! ನಾನ್ ಬಸ್ ಸ್ಟಾಪಲ್ಲಿದೀನಿ, ಫೋನಲ್ಲಿ ಆಡ್ತಿರೋದು. ಬಸ್ ಬಂತು ಅನ್ಸತ್ತೆ. ಬರ್ಲಾ?"

ಮಾಮನ ಬೆರಳು ಅವನನ್ನು ಕೇಳದೆಯೇ ಒತ್ತಿತು: "ಒಂದ್ ನಿಮಿಷ ಇರಿ."

ಹೇಳಬೇಕಾದದ್ದು ಎಷ್ಟೋ ಇತ್ತು. ಥ್ಯಾಂಕ್ಸ್ ಮಾತ್ರ ಅದರಲ್ಲಿರಲಿಲ್ಲ. ಬಸ್ ಯಾವ ಕಡೆಗೆ, ಮನೆಯಲ್ಲಿ ಯಾರಿದ್ದಾರೆ, ನನಗೆ ಅಮ್ಮ ಇದ್ದಳು, ಆರು ಗಂಟೆಗೆ ಮನೆಗೆ ಬಂದರೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕತೊಡಗಿದ. 'ನನಗೆ ಅಮ್' ಎನ್ನುವಷ್ಟರಲ್ಲಿ ತಲೆಯೆತ್ತಿ ನೋಡಿದರೆ ಎದುರಿಗೆ ಕಲ್ಲಿನ ಸೇತುವೆ ಮಾತ್ರ ಇತ್ತು.

ಆಗ ಮಾಮನಿಗೆ ತೂಕಡಿಕೆಯ ಆ ಒಂದು ನಿಮಿಷ ಏನೆಂದು ತಿಳಿಯಿತು. ದಿನವೂ ಬೇಡಿತ್ತು, ಪಾಪ, ಮೂರು ವಾರ. ಥೂ ನನ್ನ ಜನ್ಮಕ್ಕೆ ಎಂದು ಗಟ್ಟಿಯಾಗಿಯೇ ಹೇಳಿಕೊಂಡ. ಜನರನ್ನು ದಾಟಿಸುವುದೇ ದೊಡ್ಡದೆಂದುಕೊಂಡಿದ್ದ. ಅವರು ಕೇಳಿದ್ದೇ ಬೇರೆ.

ಪಟ್ಟಿಯ ತಳದವರೆಗೂ ಇಳಿದು ಬಣ್ಣ ಕಳೆದುಕೊಂಡ ಆ ಹೆಸರನ್ನು ಹುಡುಕಿದ. ಮುಕ್ಕಾಲು ಗಂಟೆಯೇನೂ ಹಿಡಿಯಲಿಲ್ಲ, ಬರೆದದ್ದು ಎರಡೇ ಸಾಲು: "ದಿನಾ ಒಂದ್ ನಿಮಿಷ ಇರಿ ಅಂತಿದ್ರಿ, ನಾನು ಇರ್ಲಿಲ್ಲ. ಈಗ ಇದೀನಿ."

ಗಡಿಯಾರ ಏಳು ಹೊಡೆಯಿತು. ಮಾಮ ಕಂಪ್ಯೂಟರ್ ಆರಿಸಲಿಲ್ಲ.