ಗೆಣಸಿಗೆ ಇನ್ನೂ ಇಪ್ಪತ್ತು ದಿನ

ಸಲಿಕೆಯ ಬಾಯಿಗೆ ಸಿಕ್ಕ ಗೆಣಸು ಎರಡು ತುಂಡಾದಾಗ ಕುಣಿ ತೋಡುತ್ತಿದ್ದ ಆಳು ಗಿರಿಮಲ್ಲಪ್ಪ ಒಳಗಿಂದ ತಲೆ ಎತ್ತಿದ.

"ಯವ್ವಾ, ಇಲ್ಲೂ ಅದಾವು."

"ಅದಕ್ಕ ಬದುವಿನ ಮ್ಯಾಲೆ ತೋಡ್ರಿ ಅಂದ್ನಿ," ಎಂದಳು ಲಗಮಣ್ಣನ ಹೆಂಡತಿ ಕಸ್ತೂರೆವ್ವ. "ಇನ್ನ ಇಪ್ಪತ್ತ ದಿನಾ ಹೊಲಕ್ಕ ಕೈ ಹಚ್ಚಬ್ಯಾಡ್ರಿ ಅಂತ ಹೇಳೇ ಹ್ವಾದ್ರು."

"ಬದುವಿನ್ಯಾಗ ಬರೇ ಕಲ್ಲ. ಇಲ್ಲಿ ನೆಲಾ ಅಳ್ಳಿಯಂಗ ಮೆತ್ತಗ ಐತಿ. ಲಗಮಣ್ಣ ಹದಾ ಮಾಡಿ ಇಟ್ಟಾನ."

ಆ ಲಗಮಣ್ಣ ಮನೆಯ ಕಟ್ಟೆಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಕುಳಿತಿದ್ದ. ಜೀವ ಇದ್ದಾಗ ಇಷ್ಟು ಹೊತ್ತು ಸುಮ್ಮನೆ ಕುಳಿತವನಲ್ಲ.

ಅವನ ಅಣ್ಣ ಚನಮಲ್ಲಪ್ಪ ಹೊಲವನ್ನು ಒಮ್ಮೆ ನೋಡಿ, ಕೂಡಿದ ಮಂದಿಯನ್ನು ಒಮ್ಮೆ ನೋಡಿದ. "ಹೆಂಗೂ ತೋಡಿದ್ದಾತು. ನಾಕ ದಿನಕ್ಕ ಶಿವರಾತ್ರಿ, ಉಪಾಸದವರು ಗೆಣಸಿಗೆ ಕೇಳಿದಷ್ಟ ಕೊಡತಾರ. ಮಣ್ಣ ಮುಗಿಸಿ ಎಲ್ಲಾ ಕಿತ್ತಬಿಡೂಣು."

"ಬನಹಟ್ಟಿಯವರಿಗೆ ಹಿಟ್ಟ ಕೊಡ್ತೇನಿ ಅಂತ ಮಾತ ಕೊಟ್ಟಾರ್ರಿ ಭಾವಾರ."

"ಮಾತ ಕೊಟ್ಟಾಂವ ಹೊಂಟ. ನಾ ಏನ ಕೊಟ್ಟಿಲ್ಲ."

*

ಕಾಳುಕಡಿ ರೇಶನ್ನಿಗೆ ಬಿದ್ದು ಗಂಜಿಗೆ ಹಿಟ್ಟು ಸಿಗದಾದ ಮೇಲೆ ಬನಹಟ್ಟಿಯ ನೇಕಾರರು ಮಗ್ಗದ ಹಾಸಿನ ಎಳೆ ಗಟ್ಟಿಯಾಗಲೆಂದು ಲಗಮಣ್ಣನ ಗೆಣಸಿನ ಹಿಟ್ಟಿನ ಗಂಜಿ ಹಾಕುತ್ತಿದ್ದರು. ಆ ಗಂಜಿ ಕುಡಿದ ಧೋತರವೊಂದು ಉಡುವವನಿಲ್ಲದೆ ತಾನೇ ಲೋಕಾಪುರದವರೆಗೆ ನಡೆದು ಹೋಗಿತ್ತಂತೆ. ಎದುರಿಗೆ ಬಂದವರು ನಮಸ್ಕಾರವನ್ನೂ ಮಾಡಿದ್ದರಂತೆ.

ಗುಟ್ಟೇನೂ ಇರಲಿಲ್ಲ. ಅವನು ಗೆಣಸು ಮುರಿದು ಹಿಡಿದು ನಿಲ್ಲುತ್ತಿದ್ದ. ಒಸರಿದ ಹಾಲು ಬೆಳ್ಳಗೆ ಒಣಗಿದರೆ ಕೀಳುವುದು, ಕಪ್ಪಾದರೆ ಕಾಯುವುದು.

ಒಂದು ವರ್ಷ ಚನಮಲ್ಲಪ್ಪ ಅವಸರಪಡಿಸಿ ಎಳೆಯದನ್ನೇ ಕೀಳಿಸಿದ. ಹಿಟ್ಟು ಕಡಿಮೆ ಬಿತ್ತು. ಬಿದ್ದದ್ದೂ ಗಂಜಿಯಾಗಿ ನಿಲ್ಲಲಿಲ್ಲ. ಒಂದು ಓಣಿಯ ಮಗ್ಗಗಳೆಲ್ಲ ಎಳೆ ಹರಿದು ನಿಂತವು. ನೇಯುವ ಯಲ್ಲವ್ವ ಹರಿದ ನೂಲಿನ ಗಂಟು ತಂದು ಲಗಮಣ್ಣನ ಮುಂದೆ ಒಗೆದಳು.

"ಇದನ್ನ ಪಟಕಾ ಸುತ್ಕೋ ಅಣ್ಣಾ. ಛಲೋ ಕಾಣತಿ."

ಚನಮಲ್ಲಪ್ಪ ಅಲ್ಲೇ ಅಡಿಕೆ ಕತ್ತರಿಸುತ್ತ ಕುಳಿತಿದ್ದ. ಲಗಮಣ್ಣ ಅವನ ಹೆಸರು ಹೇಳಲಿಲ್ಲ. ನೂಲನ್ನು ತಲೆಗೆ ಸುತ್ತಿಕೊಂಡ.

*

ಯಲ್ಲವ್ವ ತಂದ ಬಿಳಿ ಬಟ್ಟೆ ಹೊದಿಸಿ ಲಗಮಣ್ಣನನ್ನು ಕುಣಿಯಲ್ಲಿ ಕೂರಿಸಿದರು. "ಇದರ ಗಂಜಿನೂ ಇಂವಂದ," ಎಂದಳು ಅವಳು.

ಮಂತ್ರ ಹೇಳಿ ಮಣ್ಣು ಮುಚ್ಚಿಸಿದ ಅಯ್ಯನವರು ಕಾಲು ತೊಳೆದುಕೊಳ್ಳುವಷ್ಟರಲ್ಲಿ ಅರ್ಧ ಹೊಲ ಬುಡಮೇಲಾಗಿತ್ತು. ಅಳಲು ಬಂದ ಹೆಂಗಸರ ಉಡಿಯಲ್ಲೂ ಗೆಣಸಿದ್ದವು.

ಕಸ್ತೂರೆವ್ವ ಒಂದನ್ನು ಮುರಿದು ಭಾವನ ಮುಂದೆ ಹಿಡಿದಳು. ಇಬ್ಬರೂ ನೋಡುತ್ತಿದ್ದಂತೆ ಹಾಲು ಕಪ್ಪಾಯಿತು.

"ಕುದಿಸಿದ್ರ ಯಾರಿಗೆ ತಿಳಿತೈತಿ," ಎಂದ ಚನಮಲ್ಲಪ್ಪ.

ಕಸ್ತೂರೆವ್ವ ಬಗ್ಗಿದಳು. ಕಿತ್ತು ಬಿಸಾಡಿದ ಬಳ್ಳಿಗಳನ್ನು ಆಯ್ದು, ಗೇಣುದ್ದ ಕತ್ತರಿಸಿ, ಗಂಡನ ಸಮಾಧಿಯ ಹಸಿಮಣ್ಣಿಗೆ ಊರತೊಡಗಿದಳು.

"ಯವ್ವಾ, ಅಲ್ಲಿ ಹಚ್ಚಿದ್ರ ಯಾರ ಕೀಳತಾರ?" ಎಂದ ಗಿರಿಮಲ್ಲಪ್ಪ.

"ಯಾರೂ ಕೀಳೂದಿಲ್ಲ."

ಸಲಿಕೆ ಹಿಡಿದು ಸಾಲಿನುದ್ದಕ್ಕೂ ಬಂದ ಚನಮಲ್ಲಪ್ಪ ಸಮಾಧಿಯ ಅಂಚಿಗೆ ನಿಂತ. ಕಾಲಲ್ಲಿ ಕೆರವಿದ್ದವು, ಸಮಾಧಿ ತುಳಿಯುವಂತಿರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದ. ಕಸ್ತೂರೆವ್ವ ಮುಂದಿನ ಬಳ್ಳಿಯನ್ನು ಊರಿದಳು, ಎರಡು ಗೆಣ್ಣು ಮಣ್ಣೊಳಗೆ, ಎರಡು ಹೊರಗೆ.