ನನ್ನ ಪಾಲಿನ ಎಡಗೈ

ನಿಲ್ಟನ್ ನಮ್ಮ ಮನೆಯಲ್ಲಿ ಎರಡೇ ವಾರ ಇರುತ್ತಾನೆ ಎಂದು ಅಮ್ಮ ಹೇಳಿದಾಗ ಅಮೆರಿಕದ ನಮ್ಮ ಪ್ರಾವಿಡೆನ್ಸ್ ಊರಿನಲ್ಲಿ ಹಿಮ ಬೀಳುವುದು ಆಗಷ್ಟೇ ಶುರುವಾಗಿತ್ತು. ಬಿದ್ದ ಹಿಮ ರಸ್ತೆ ಬದಿಯಲ್ಲಿ ಕಪ್ಪಾಗಿ, ಕೆಸರಾಗಿ, ಚರಂಡಿ ಸೇರಿತು. ಅವನು ಮಾತ್ರ ಹೋಗಲಿಲ್ಲ.

ಅವನು ಕೆಟ್ಟವನಾಗಿದ್ದರೆ ನನಗೆ ಕಷ್ಟವೇ ಇರಲಿಲ್ಲ. ಕುಡಿಯುವುದಿಲ್ಲ, ಜೋರಾಗಿ ಮಾತಾಡುವುದಿಲ್ಲ. ಮಾಂಸಕ್ಕೂ ಹಾಲಿಗೂ ಬೇರೆ ಬೇರೆ ಪಾತ್ರೆ ಇಡುವ ನಮ್ಮ ಯೆಹೂದಿ ಅಡುಗೆಮನೆಯಲ್ಲಿ ಮಾಂಸದ ತಟ್ಟೆ ಯಾವುದು, ಹಾಲಿನ ತಟ್ಟೆ ಯಾವುದು ಎಂದು ಒಂದೇ ದಿನದಲ್ಲಿ ಕಲಿತುಬಿಟ್ಟ. ನಾನು ಅದೇ ಮನೆಯಲ್ಲಿ ಹುಟ್ಟಿ ಬೆಳೆದವನು, ಇನ್ನೂ ಬೈಸಿಕೊಳ್ಳುತ್ತೇನೆ. "ನೋಡಿ ಕಲಿಯೋ ಗೆರ್ಶ್, ಅವನು ಯೆಹೂದಿಯೂ ಅಲ್ಲ" ಎನ್ನುತ್ತಾಳೆ ಅಮ್ಮ. ಅವನಿಗೆ ಬೆಳಿಗ್ಗೆ ನರ್ಸಿಂಗ್ ಕಾಲೇಜು, ಸಂಜೆ ವೃದ್ಧಾಶ್ರಮದಲ್ಲಿ ಕೆಲಸ, ಶುಕ್ರವಾರ ಒಂದು ದಿನ ರಜೆ. ಹತ್ತನೇ ತರಗತಿಗೇ ಶಾಲೆ ಬಿಟ್ಟು ಬೇಕರಿಯ ವ್ಯಾನ್ ಓಡಿಸುವ ನನ್ನ ಎದುರಿಗೆ ಅವನು ದಪ್ಪ ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದ. ನನ್ನಮ್ಮ ನಿವೃತ್ತಿಯಾಗುವವರೆಗೂ ಶಾಲೆಯ ಲೈಬ್ರರಿ ನೋಡಿಕೊಂಡವಳು. ಪುಸ್ತಕ ಕಂಡರೆ ಅವಳ ಮುಖ ಹೇಗಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಅಮ್ಮ ನಮ್ಮ ಯೆಹೂದಿ ಮಹಿಳಾ ಮಂಡಳಿಯ ಜೀವಾಳ. ಆ ಚಳಿಗಾಲ ಮಂಡಳಿಯವರು ಹಿಡಿದ ಹಟ ಒಂದೇ: ಹಿಮದ ತಿಂಗಳುಗಳಲ್ಲಿ ಬಾಡಿಗೆದಾರರನ್ನು ಮನೆಯಿಂದ ಹೊರಗೆ ಹಾಕಕೂಡದು ಎಂದು ರಾಜ್ಯ ಕಾನೂನು ಮಾಡಬೇಕು. ನಿಲ್ಟನ್‌ನನ್ನು ಓನರ್ ಹೊರಹಾಕಿದ್ದು ಅಂಥದ್ದೇ ಒಂದು ದಿನ. ಅವನ ಹಿರಿಯರು ಆಫ್ರಿಕಾದ ಕೇಪ್ ವರ್ಡ್ ದ್ವೀಪಗಳವರು, ಅವನು ಹುಟ್ಟಿದ್ದು ಪಕ್ಕದ ಪಾಟಕೆಟ್‌ನಲ್ಲಿ. ಮಂಡಳಿಯ ಕಾನೂನು ಸಲಹೆಯ ಮೇಜಿನ ಮುಂದೆ ಎರಡು ಚೀಲ ಹಿಡಿದುಕೊಂಡು ನಿಂತಿದ್ದನಂತೆ. ಸಲಹೆ ಕೊಡುವುದನ್ನು ಬಿಟ್ಟು ಅಮ್ಮ ಅವನನ್ನೇ ಮನೆಗೆ ಕರೆತಂದಳು. ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಅವನ ಮೈಮೇಲೆ ತೀರಿಹೋದ ನಮ್ಮಪ್ಪನ ಉಣ್ಣೆಯ ಕೋಟು ಇತ್ತು.

"ಅದು ಅಪ್ಪನ ಕೋಟು" ಎಂದೆ.

"ನಿನಗೆ ಕೊಟ್ಟಾಗ ಹಳೇದು ಬೇಡ ಅಂದೆ. ಬೀರುವಿಗೇನು ಚಳಿಯಾಗುತ್ತಾ, ಅದರೊಳಗೇ ಇಡೋಕೆ?"

ಅವನು ಗಿಡ್ಡ. ಕೋಟು ಮೊಣಕಾಲು ದಾಟಿ ಇಳಿಬಿದ್ದಿತ್ತು. ನನಗಾದರೆ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತಿತ್ತು.

ಇಷ್ಟನ್ನೂ ನುಂಗಿಕೊಂಡೆ. ನುಂಗಲಾಗದ್ದು ಶುಕ್ರವಾರದ್ದು. ಶುಕ್ರವಾರ ಸಂಜೆ ಶುರುವಾಗುವ ನಮ್ಮ ವಾರದ ವಿಶ್ರಾಂತಿಯ ದಿನ ಶಬ್ಬತ್‌ಗೆ ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಹೆತ್ತವರು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಮಗನಿಗೆ ಮೀಸೆ ಬಂದರೂ ಹರಸುತ್ತಾರೆ. ವಾರವಿಡೀ ಮಂಡಳಿ, ಸಭೆ, ಫೋನು ಎಂದು ಊರಿಗೆ ಹಂಚಿಹೋಗುವ ನನ್ನಮ್ಮ ಆ ಒಂದು ಗಳಿಗೆ ಪೂರ್ತಿ ನನ್ನವಳಾಗಿರುತ್ತಿದ್ದಳು. ಎರಡೂ ಕೈ ನನ್ನ ತಲೆಯ ಮೇಲೆ, ಮೋಂಬತ್ತಿಯ ವಾಸನೆ, ಅವಳ ಗೊಗ್ಗರು ದನಿ. ವಾರಪೂರ್ತಿ ಅವಳ ಮೇಲೆ ಎಷ್ಟು ಕೂಗಾಡಿದ್ದರೂ ಆಗ ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ.

ನಿಲ್ಟನ್ ಬಂದ ಮೊದಲ ಶುಕ್ರವಾರ ಅವನು ಗೋಡೆಗೆ ಒರಗಿ ನಿಂತಿದ್ದ. ಅಮ್ಮ ಕರೆದಳು. "ಬಾರಪ್ಪಾ ಇಲ್ಲಿ. ಹರಸೋದಕ್ಕೆ ಪರ್ಮಿಟ್ ಬೇಕಾಗಿಲ್ಲ." ಬಲಗೈ ಅವನ ತಲೆಯ ಮೇಲೆ ಹೋಯಿತು. ನನ್ನ ತಲೆಗೆ ಎಡಗೈ ಬಂತು.

ಮುಂದಿನ ಶುಕ್ರವಾರವೂ ಹಾಗೆಯೇ. ಅದರ ಮುಂದಿನದೂ. ಒಂದು ವಾರ ನಾನು ಬೇಕೆಂದೇ ಜಾಗ ಬದಲಿಸಿ ಅವಳ ಬಲಕ್ಕೆ ಹೋಗಿ ನಿಂತೆ. ಅವಳು ತಾನೇ ಸುತ್ತಿಕೊಂಡು ಬಂದು ಮತ್ತೆ ಎಡಗೈಯನ್ನೇ ನನ್ನ ಮೇಲಿಟ್ಟಳು. ನಮ್ಮ ಹಳೆಯ ಕತೆಗಳಲ್ಲಿ ಬಲಗೈ ಯಾರ ತಲೆಯ ಮೇಲೆ ಬೀಳುತ್ತದೋ ಅವನೇ ಮನೆಯ ಪಾಲು ಹೊಡೆಯುವವನು. ಮಿಕ್ಕಿದ್ದೆಲ್ಲ ಮರೆತಿದ್ದರೂ ನಮ್ಮ ಪ್ರಾರ್ಥನಾಮಂದಿರ ಸಿನಗಾಗ್‌ನಲ್ಲಿ ಕಲಿಸಿದ ಅದೊಂದು ನನಗೆ ಚೆನ್ನಾಗಿ ನೆನಪಿತ್ತು.

ಮಂಡಳಿಯ ಆ ಬಾಡಿಗೆ ಮಸೂದೆಯ ವಿಚಾರಣೆ ಶಾಸನಸಭೆಯ ಸಮಿತಿಯ ಮುಂದೆ ಒಂದು ಬುಧವಾರ ಬಂತು. ಬಾಬೆಟ್ ಟ್ರೆಗರ್ ಎಂಬಾಕೆಯ ಕಾರು ಕೆಟ್ಟಿತ್ತು, ಆದ್ದರಿಂದ ಅಮ್ಮ ನನಗೆ ಗಂಟುಬಿದ್ದಳು. ಬಾಬೆಟ್ ಆಂಟಿ ಮಂಡಳಿಯ ಖಜಾಂಚಿ, ಅಮ್ಮನ ಬಾಲ್ಯದ ಗೆಳತಿ. ಅಂಗಡಿಗಳಿಗೆ ಬ್ರೆಡ್ ಹಾಕುವ ಬೆಳಗಿನ ಲೈನು ಮುಗಿಸಿ ಮಧ್ಯಾಹ್ನದ ಬ್ರೆಡ್ ತುಂಬಿಕೊಂಡು ಬಂದೆ. ಬಾಬೆಟ್ ಆಂಟಿ ನನ್ನ ಪಕ್ಕದ ಸೀಟು ಹಿಡಿದಳು. ಅಮ್ಮ, ನಿಲ್ಟನ್ ಹಿಂದೆ ಬ್ರೆಡ್ ಟ್ರೇಗಳ ಮಧ್ಯೆ ಡಬ್ಬ ಬೋರಲು ಹಾಕಿಕೊಂಡು ಕೂತರು.

"ನಿಧಾನಕ್ಕೆ ಓಡ್ಸೋ. ನಾವೇನು ಬನ್ನಾ?" ಎಂದಳು ಬಾಬೆಟ್ ಆಂಟಿ.

"ಬನ್ನಿಗೆ ಬಾಯಿರಲ್ಲ ಆಂಟಿ."

"ಇದ್ದಿದ್ರೆ ನಿನ್ನ ಡ್ರೈವಿಂಗಿಗೆ ಅದೂ ದೇವರ ಹೆಸರು ಹೇಳ್ತಿತ್ತು."

ಹಿಂದೆ ಕೂತು ಅಮ್ಮ, ಸಮಿತಿಯ ಮುಂದೆ ಏನು ಹೇಳಬೇಕೆಂದು ನಿಲ್ಟನ್‌ಗೆ ಪಾಠ ಹೇಳಿಕೊಡುತ್ತಿದ್ದಳು. "ಎರಡು ನಿಮಿಷ ಅಷ್ಟೇ ಕೊಡೋದು. ಅಳಬೇಡ. ಅತ್ತರೆ ಅವರು ಫೋನ್ ನೋಡ್ತಾರೆ. ಬಾಯ್ಲರ್ ಕೆಟ್ಟಿದ್ದನ್ನ ಹೇಳು, ನೋಟಿಸ್ ಬಂದದ್ದನ್ನ ಹೇಳು."

"ಆಯ್ತು ತೀಯಾ."

ತೀಯಾ ಎಂದರೆ ಅವರ ಭಾಷೆಯಲ್ಲಿ ಚಿಕ್ಕಮ್ಮ. ಇದು ಯಾವಾಗ ಶುರುವಾಯಿತೋ ನನಗೆ ಗೊತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅಮ್ಮ ಅಪ್ಪನ ಕೋಟಿನ ಮೇಲಿನ ಗುಂಡಿಯನ್ನು ಅವನಿಗೆ ಹಾಕುತ್ತಿದ್ದಳು. ನಾನು ಗೇರ್ ಎಳೆದ ರಭಸಕ್ಕೆ ಒಂದು ಟ್ರೇ ಜಾರಿತು.

ಶಾಸನಸಭೆ ಕೂರುವ ಸ್ಟೇಟ್ ಹೌಸ್ ಹತ್ತಿರ ಅವರನ್ನು ಇಳಿಸಿ, ವ್ಯಾನ್ ನಿಲ್ಲಿಸಲು ಜಾಗ ಹುಡುಕಿ ಒಳಗೆ ಬರುವಷ್ಟರಲ್ಲಿ ಅಮೃತಶಿಲೆಯ ಮೆಟ್ಟಿಲ ಮೇಲೆ ಅಮ್ಮ ಯಾರೋ ಶಾಸಕನ ಜೊತೆ ನಗುತ್ತ ನಿಂತಿದ್ದಳು. ಅವನು ನಿಲ್ಟನ್ ಕಡೆ ತೋರಿಸಿ ಕೇಳಿದ, "ರೋಶೆಲ್, ಯಾರು ಈ ಹುಡುಗ?"

"ನನ್ನ ಹೊಸ ಮಗ" ಎಂದಳು ಅಮ್ಮ.

ಶಾಸಕ ನಕ್ಕ, ನಿಲ್ಟನ್ ತಲೆ ತಗ್ಗಿಸಿದ, ಬಾಬೆಟ್ ಆಂಟಿಯೂ ನಕ್ಕಳು. ನಾನು ನಾಲ್ಕು ಮೆಟ್ಟಿಲು ಕೆಳಗಿದ್ದೆ. ಯಾರೂ ತಿರುಗಿ ನೋಡಲಿಲ್ಲ.

ನೇರ ಸಮಿತಿಯ ಕೋಣೆಯ ಬಾಗಿಲಿಗೆ ಹೋದೆ. ಅಲ್ಲಿ ಯಾರು ಬೇಕಾದರೂ ಹೆಸರು ಕೊಟ್ಟು ಮಾತಾಡಬಹುದು. ಗುಮಾಸ್ತೆ ಕೇಳಿದಳು, "ಮಸೂದೆಗೆ ಪರವೋ ವಿರೋಧವೋ?"

"ವಿರೋಧ. ಗೆರ್ಶನ್ ಝಾಸ್ಲೋ ಅಂತ ಬರ್ಕೊಳ್ಳಿ."

ನನಗೆ ಮಸೂದೆ ಬೇಕಾಗಿರಲಿಲ್ಲ, ಓನರುಗಳೂ ಬೇಕಾಗಿರಲಿಲ್ಲ. ಅಷ್ಟು ಜನರ ಮುಂದೆ ಅವಳ ಮೋರೆ ಕಪ್ಪಿಡಬೇಕಿತ್ತು. ನನ್ನ ಹೆಸರು ಕರೆದಾಗ ಅವಳು ಈ ಕಡೆ ಕುತ್ತಿಗೆ ತಿರುಗಿಸಲೇಬೇಕಲ್ಲ, ಅದು ಸಾಕಿತ್ತು.

ನಿಲ್ಟನ್ ಚೆನ್ನಾಗಿಯೇ ಮಾತಾಡಿದ. ಅಳಲಿಲ್ಲ. ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟು ಚಳಿಗೆ ಕೋಣೆಯೊಳಗೂ ಬಾಯಿಂದ ಹೊಗೆ ಬರುತ್ತಿದ್ದದ್ದು, ರಿಪೇರಿ ಕೇಳಿದ ವಾರವೇ ಮನೆ ಖಾಲಿ ಮಾಡೆಂದು ನೋಟಿಸ್ ಬಂದದ್ದು, ಎಲ್ಲ ಹೇಳಿದ. ಆಮೇಲೆ ಓನರುಗಳ ಕಡೆಯ ಒಬ್ಬ ವಕೀಲ ಸಾಲದ ಕಂತು, ತೆರಿಗೆ ಎಂದು ಓದಿ ಕೂತ. ಅದರ ಹಿಂದೆಯೇ ಅಧ್ಯಕ್ಷೆ ಕರೆದಳು, "ಮಸೂದೆಗೆ ವಿರೋಧವಾಗಿ, ಗೆರ್ಶನ್ ಝಾಸ್ಲೋ."

ಅಮ್ಮ ತಿರುಗಿದಳು. ಬಾಬೆಟ್ ಆಂಟಿ "ಅಯ್ಯೋ ನನ್ನ ದೇವರೇ" ಎಂದದ್ದು ಇಡೀ ಕೋಣೆಗೆ ಕೇಳಿಸಿತು.

ಮೈಕ್ ಮುಂದೆ ಕೂತೆ. ಕೈಯಲ್ಲಿ ಹಿಟ್ಟಿನ ವಾಸನೆ ಇತ್ತು.

"ಬೇಕರಿ ವ್ಯಾನ್ ಓಡಿಸ್ತೀನಿ. ನಾನು ವಿರೋಧ."

"ಮಸೂದೆಯ ಯಾವ ಭಾಗಕ್ಕೆ?"

"ಮಸೂದೆ ನಾನು ಓದಿಲ್ಲ, ನಿಮಗೇ ವಿರೋಧ. ನೀವು ಚಳೀಲಿ ಜನಾನ ಬೀದಿಗೆ ಹಾಕೋಕೆ ಬಿಟ್ಟು ಆರಾಮಾಗಿ ಕೂತಿದೀರಿ. ಅವರು ಎಲ್ಲಿಗೆ ಹೋಗ್ತಾರೆ ಗೊತ್ತಾ? ನಮ್ಮನೆಗೆ ಬರ್ತಾರೆ. ನಾನು ಎಂಟು ವರ್ಷದವನಿದ್ದಾಗ ಒಬ್ಬಳು ಎರಡು ಕೂಸು ಕಟ್ಕೊಂಡು ಬಂದ್ಲು, ನನ್ನ ಮಂಚ ಹೋಯ್ತು. ಆಮೇಲೆ ಒಬ್ಬ ಮುದುಕ ಬಂದ, ರೇಡಿಯೊ ಹಚ್ಕೊಂಡೇ ಮಲಗೋನು. ಈಗ ಅಲ್ಲಿ ಕೂತಿದಾನಲ್ಲ, ಅವನು. ನಮ್ಮಪ್ಪನ ಕೋಟು ಹಾಕ್ಕೊಂಡಿದಾನೆ ನೋಡಿ. ಶುಕ್ರವಾರ ನಮ್ಮಮ್ಮ ಬಲಗೈಯನ್ನ ಅವನ ತಲೆ ಮೇಲಿಡ್ತಾಳೆ, ನನಗೆ ಎಡಗೈ!"

ಯಾರೋ ಕಿಸಕ್ಕೆಂದರು. ನನಗೆ ಇನ್ನೂ ಉರಿಯಿತು.

"ನಗಿ. ನಮ್ಮಪ್ಪ ಆಸ್ಪತ್ರೇಲಿ ಸತ್ತ ಮಧ್ಯಾಹ್ನ ಅವಳು ಎಲ್ಲಿದ್ಲು ಗೊತ್ತಾ? ಇದೇ ರೂಮಲ್ಲಿ. ಇದೇ ಕುರ್ಚೀಲಿ. ನಿಮ್ಮ ಹತ್ರ ಯಾರದೋ ಪರವಾಗಿ ಬೇಡ್ಕೊಳ್ತಾ ಇದ್ಲು. ಹಾಸಿಗೆ ಪಕ್ಕ ನಾನೊಬ್ಬನೇ ಇದ್ದೆ. ಇದೆಲ್ಲ ನಿಮ್ಮ ಕೆಲಸ, ಅವಳದಲ್ಲ. ನೀವು ಮಾಡಿದ್ರೆ ಅವಳು ಮನೇಲಿ ಇರ್ತಾಳೆ. ಒಂದೋ ಕಾನೂನು ಮಾಡಿ, ಇಲ್ಲ ನಮ್ಮಮ್ಮನ್ನ ವಾಪಸ್ ಕೊಡಿ."

ಎರಡು ನಿಮಿಷದ ಗಂಟೆ ಹೊಡೆಯಿತು. ಅಧ್ಯಕ್ಷೆ ಕನ್ನಡಕ ತೆಗೆದಳು. "ಝಾಸ್ಲೋ ಅವರೇ, ದಾಖಲೆಗೆ ಒಂದು ಬೇಕು. ಪರ ಅಂತ ಬರೆಯೋದಾ, ವಿರೋಧ ಅಂತಾನಾ?"

"ಏನು ಬೇಕಾದ್ರೂ ಬರ್ಕೊಳ್ಳಿ" ಎಂದು ಎದ್ದೆ.

ಮುಂದಿನ ಹೆಸರು ಅಮ್ಮನದು. ಮಂಡಳಿಯವರು ವಾರಗಟ್ಟಲೆ ಕೂತು ಬರೆದ ಭಾಷಣ ಅವಳ ಕೈಯಲ್ಲಿತ್ತು. ಅದನ್ನು ಮಡಿಸಿ ತೊಡೆಯ ಕೆಳಗೆ ಹಾಕಿಕೊಂಡು ಕೂತಳು.

"ರೋಶೆಲ್ ಝಾಸ್ಲೋ. ಈಗ ಮಾತಾಡಿದವನ ತಾಯಿ. ಮೊದಲು ಒಂದು ತಿದ್ದುಪಡಿ. ಈ ಚಳಿಗಾಲದಿಂದ ನನ್ನ ಬಲ ಭುಜ ಹಿಡ್ಕೊಂಡಿದೆ, ಎದೆಮಟ್ಟಕ್ಕಿಂತ ಮೇಲೆ ಏಳಲ್ಲ. ಆ ಹುಡುಗ ಗಿಡ್ಡ, ಕರೆದ್ರೆ ತಲೆ ಬಗ್ಗಿಸ್ತಾನೆ. ನನ್ನ ಮಗ ಆರು ಅಡಿ ಇದಾನೆ, ಬಗ್ಗು ಅಂದ್ರೆ ಬಗ್ಗೋನಲ್ಲ. ಏಳೋ ಕೈ ಯಾವುದೋ ಅದನ್ನ ಇಟ್ಟೆ." ಕೋಣೆಯೆಲ್ಲ ನಕ್ಕಿತು. ಅವಳು ನಗಲಿಲ್ಲ. "ಮಿಕ್ಕಿದ್ದು ಅವನು ಹೇಳಿದ್ದೇ ನಿಜ. ನನ್ನ ಮನೇಲಿ ಇರೋದು ಮೂರು ಕೋಣೆ. ಅಷ್ಟರಲ್ಲಿ ಈ ರಾಜ್ಯ ಹಿಡಿಯಲ್ಲ. ಇದಕ್ಕಿಂತ ಹೆಚ್ಚು ಹೇಳೋಕೆ ನನಗೆ ಇವತ್ತು ಆಗಲ್ಲ." ಅರ್ಧ ಸಮಯವನ್ನೂ ಬಳಸದೆ ಎದ್ದುಬಂದಳು. ಗಂಟೆ ಹೊಡೆಯುವ ಮೊದಲೇ ಅವಳು ಮೈಕ್ ಬಿಟ್ಟದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲವಂತೆ.

ಸಮಿತಿ ಮತ ಹಾಕಲಿಲ್ಲ. ಇನ್ನಷ್ಟು ಪರಿಶೀಲಿಸುತ್ತೇವೆ ಎಂದಿತು, ಯಾವಾಗಲೂ ಹಾಗೆಯೇ ಎನ್ನುವುದು.

ಹೊರಗೆ ನಿಲ್ಟನ್ ನನ್ನ ಹತ್ತಿರ ಬಂದ. ಹೊಡೆಯಲಿ ಎಂದೇ ಕಾಯುತ್ತಿದ್ದೆ.

"ಭುಜದ ವಿಷಯ ನಿನಗೆ ಗೊತ್ತಿರಲಿಲ್ವಾ?" ಎಂದ. "ದಿನಾ ಬಿಸಿನೀರಿನ ಚೀಲ ಇಡ್ತೀನಲ್ಲ."

"ನನಗೆ ಯಾರು ಹೇಳಿದ್ರು?"

"ಅವರು ಯಾರಿಗೂ ಹೇಳಲ್ಲ. ಪಾತ್ರೆ ಎತ್ತಿಡೋದು ನೋಡಿದ್ರೆ ಗೊತ್ತಾಗುತ್ತೆ." ಕೋಟಿನ ಕಾಲರ್ ಎತ್ತಿಕೊಂಡ. "ನಿನ್ನ ಕಂಡ್ರೆ ನನಗೂ ಹೊಟ್ಟೆ ಉರಿಯುತ್ತೆ ಗೆರ್ಶ್. ನೀನು ಅವರ ಮೇಲೆ ಕಿರುಚ್ತೀಯ, ಊಟ ಬಿಟ್ಟು ಎದ್ದು ಹೋಗ್ತೀಯ. ನಾನು ಸಾರಿಗೆ ಉಪ್ಪು ಕಮ್ಮಿ ಅಂತಾನೂ ಹೇಳೋ ಹಾಗಿಲ್ಲ."

ಬಸ್ಸಿಗೆ ಹೊತ್ತಾಯಿತು ಎಂದು ಹೊರಟ. ಅವನು ಒಳ್ಳೆಯ ಮಾತನ್ನೇ ಆಡಿದ. ನನಗೆ ಚುಚ್ಚಿದ್ದು ಮಾತ್ರ ಬಿಸಿನೀರಿನ ಚೀಲ. ಅವಳ ನೋವು ನನಗಿಂತ ಮೊದಲು ಅವನಿಗೆ ಗೊತ್ತಿತ್ತು.

ಅಮ್ಮ ಕಂಬದ ಪಕ್ಕ ನಿಂತಿದ್ದಳು. ಜನ ಸುತ್ತಿಕೊಂಡಿದ್ದರು, ಬಾಬೆಟ್ ಆಂಟಿ ಅವರನ್ನು ಅತ್ತ ತಳ್ಳಿದಳು. ಅಮ್ಮ ನನ್ನ ಕಡೆ ಬಂದಳು.

"ಮನೇಲಿ ಹೇಳೋಕೆ ಆಗ್ತಿರಲಿಲ್ವೇನೋ?"

"ಮನೇಲಿ ನೀನು ಕೇಳ್ತೀಯಾ? ಹೆಸರು ಕೊಟ್ಟು ಸಾಲಲ್ಲಿ ನಿಂತವರ ಮಾತನ್ನ ಮಾತ್ರ ಕೇಳ್ತೀಯ. ಅದಕ್ಕೇ ನಿಂತೆ."

ಅವಳು ಓದದೆ ಉಳಿದ ಭಾಷಣವನ್ನು ಇನ್ನೊಂದು ಮಡಿಕೆ ಮಡಿಸಿದಳು. ಆಮೇಲೆ ಹೇಳಿದಳು, "ನಿಮ್ಮಪ್ಪನ ಆ ಮಧ್ಯಾಹ್ನದ್ದು... ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಕಣೋ. ಇದ್ದಿದ್ರೆ ನಿನಗೆ ಯಾವಾಗಲೋ ಹೇಳ್ತಿದ್ದೆ."

ನಾನು ವ್ಯಾನಿನ ಕಡೆ ನಡೆದೆ. ಹಿಂದೆ ಅವಳ ಹೆಜ್ಜೆ ಕೇಳಿಸಿತು.

"ರೋಶೆಲ್, ಪತ್ರಿಕೆಯವನು ಕಾಯ್ತಿದಾನೆ!" ಬಾಬೆಟ್ ಆಂಟಿ ಕೂಗಿದಳು.

"ನೀನೇ ಮಾತಾಡು. ನಿನಗೂ ಬಾಯಿದೆ, ಬೇಕಾದಷ್ಟಿದೆ."

ನನ್ನ ಪಕ್ಕದ ಸೀಟಿಗೆ ಹತ್ತಿ ಕೂತಳು. ಬಲಗೈಯಿಂದ ಬೆಲ್ಟ್ ಎಳೆಯಲು ಹೋಗಿ ಹಲ್ಲು ಕಚ್ಚಿದಳು. ನಾನು ಬಗ್ಗಿ ಎಳೆದು ಹಾಕಿದೆ.

ಮಧ್ಯಾಹ್ನದ ಬ್ರೆಡ್ ಹಾಕಬೇಕಾದ ಮೊದಲ ಅಂಗಡಿ ಹೋಪ್ ಸ್ಟ್ರೀಟಿನದು. ಟ್ರೇ ಇಳಿಸಿ ಖಾಲಿ ಟ್ರೇ ತಂದು ಜೋಡಿಸಿ ನೋಡುತ್ತೇನೆ, ಸೀಟು ಖಾಲಿ. ಅವಳು ಅಂಗಡಿಯೊಳಗೆ ಗಲ್ಲಾಪೆಟ್ಟಿಗೆಯವನ ಹತ್ತಿರ, ಮೇಲಿನ ಮನೆಯಲ್ಲಿ ಯಾರಿದ್ದಾರೆ, ಬಾಡಿಗೆ ಎಷ್ಟು, ಬಾಯ್ಲರ್ ಸರಿಯಿದೆಯಾ ಎಂದು ವಿಚಾರಿಸುತ್ತಿದ್ದಳು. ಅವನು ಕೈ ತಿರುಗಿಸಿ ಏನೋ ದುಃಖ ಹೇಳಿಕೊಳ್ಳುತ್ತಿದ್ದ, ಅವಳು ತಲೆ ಆಡಿಸುತ್ತಿದ್ದಳು. ವರ್ಷಗಳಿಂದ ಅವನಿಗೆ ಬ್ರೆಡ್ ಹಾಕುತ್ತಿದ್ದೇನೆ, ನನ್ನ ಹತ್ತಿರ ಒಂದು ದಿನವೂ ಮುಖ ಕೊಟ್ಟು ಮಾತಾಡಿದವನಲ್ಲ. ಅವನ ಮೇಲೂ ನನಗೆ ಹೊಟ್ಟೆ ಉರಿಯಿತು. ಹಾರನ್ ಒತ್ತಿ ಹಿಡಿದೆ. ಬೀದಿಯೆಲ್ಲ ತಿರುಗಿ ನೋಡಿತು.

ಓಡಿಬಂದು ಹತ್ತಿದಳು. "ಏನೋ ಅವಸರ ನಿಂದು? ಪಾಪ ಆ ಮನುಷ್ಯನ ಮೇಲಿನ ಮನೇಲಿ ಒಬ್ಬ ಬಸುರಿ..."

"ಅಮ್ಮಾ" ಎಂದೆ.

ಅವಳು ನನ್ನ ಮುಖ ನೋಡಿದಳು. ಬಸುರಿಯ ಮಾತು ಅಲ್ಲಿಗೇ ನಿಂತಿತು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ನೋಡುತ್ತ ಕೂತಳು. ಅವಳಿಗೆ ಅದೆಷ್ಟು ಕಷ್ಟವಾಗುತ್ತಿದೆ ಎಂದು ಪಕ್ಕದಿಂದಲೇ ಗೊತ್ತಾಗುತ್ತಿತ್ತು.

ರಸ್ತೆ ತುದಿಯ ಸಿಗ್ನಲ್ ಹಸಿರಿತ್ತು. ಸಲೀಸಾಗಿ ದಾಟಬಹುದಿತ್ತು. ದಾಟಿದರೆ ಮುಂದಿನ ಅಂಗಡಿ, ಅಲ್ಲಿ ಅವಳು ಮತ್ತೆ ಇಳಿದುಬಿಡುತ್ತಾಳೆ. ನಾನು ವೇಗ ತಗ್ಗಿಸಿದೆ. ಕೆಂಪು ಬೀಳುವವರೆಗೆ ತಗ್ಗಿಸುತ್ತಲೇ ಹೋದೆ.